ಅಪ್ಪನ ನಡುಗುವ ಸಹಿ

ಗುರುರಾಜ ಮಾಸ್ತರರಿಗೆ ರುದ್ರೇಶನ ಶರಣು.

ಅಪ್ಪನ ಉಯಿಲು ಸುಳ್ಳೆಂದು ಸಾಧಿಸಲು ಹನ್ನೊಂದು ಸಲ ಕೋರ್ಟಿಗೆ ತಿರುಗಿದೆ, ಒಂದು ಜೊತೆ ಚಪ್ಪಲಿ ಸವೆಸಿದೆ, ನಿಮ್ಮನ್ನು ಕಳೆದುಕೊಂಡೆ. "ಸಾಯೋ ಮುದುಕನ ಸಹಿ ನೀವೇ ಗೀಚೀರಿ" ಅಂತ ಮಂದಿಯೆದುರು ಅಂದವನು ನಾನೇ. ಮೊನ್ನೆ ಉಯಿಲಿನ ತಾರೀಖಿನದೇ ಹತ್ತಿ ಮಾರಿದ ಚೀಟಿ ಸಿಕ್ಕಿತು. ಅಪ್ಪ ನನ್ನೆದುರೇ ಹಾಕಿದ ಸಹಿ, ಅದೇ ನಡುಕ. ಅವತ್ತಿನಿಂದ ಕುಂತರ ಏಳ್ತೀನಿ, ಎದ್ದರ ಕುಂದರ್ತೀನಿ.

ತಕರಾರು ವಾಪಸ್ ತಗೊಂಡೀನಿ. ಆದರೂ ಉಯಿಲಿಗೆ ಸಾಕ್ಷಿ ಹಾಕಿದವರಲ್ಲಿ ಬದುಕಿರೋರು ನೀವೊಬ್ಬರೇ. ನೀವು ನುಡಿಯದಿದ್ದರೆ ತಂಗಿ ಭುವನಾಗೆ ಅಪ್ಪ ಬರೆದ ಮನೆ ದಕ್ಕೋದಿಲ್ಲ. ಸೋಮವಾರ ಚಿಪ್ಪಗಿರಿಯಿಂದ ಬಸ್ಸು ಹಿಡಿದು ಆದವಾನಿ ಕೋರ್ಟಿಗೆ ಬರ್ರಿ. ನನ್ನ ಜೊತೆ ಮಾತು ಬ್ಯಾಡ, ಜಡ್ಜ್ ಸಾಹೇಬರಿಗೆ ಹೇಳಿದರೆ ಸಾಕು.

ನೀವು ಬಂದರೆ ಲೆಕ್ಕ ಇಷ್ಟೇ: ಉಯಿಲಿನಂತೆ ಭುವನಾಗೆ ಮನೆ, ನನಗೆ ಅಂಗಡಿ, ಅಪ್ಪನಿಗೆ ಅವನ ಸಹಿ. ನಿಮಗೆ ಏನೂ ಇಲ್ಲ. ಅವತ್ತೂ ಇರಲಿಲ್ಲ.

ನಿಮ್ಮ ಹಳೇ ವಿದ್ಯಾರ್ಥಿ,
ರುದ್ರೇಶ