ಕೈ ಕಟ್ಟಿ ನಿಲ್ಲಲು ಕಲಿತ ಮಹಾನಂದಾ ಅಕ್ಕ

ಮರುಬೇಸಿಗೆಯ ಐವತ್ತೊಂದನೆಯ ದಿನ, ಸನ್ ೨೨೦೯
ತಂಪುಮನೆ, ವಿಜಯಪುರ

ಹೊಸಬಳೊಬ್ಬಳನ್ನು ಕೈಗೆ ಒಪ್ಪಿಸಿಕೊಂಡಿರುವ ಸಿಸ್ಟರ್ ಅವರಿಗೆ,

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮಳೆ ಹೆಸರಿಗೆ ಬಂದು ಹೋದ ಮೇಲೆ ಮತ್ತೆ ಕೂರುವ ಬಿಸಿಲಿಗೆ ಮರುಬೇಸಿಗೆ ಎನ್ನುತ್ತೇವೆ. ನನ್ನ ಮಾತು ಒರಟಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ನರ್ಸಿಂಗ್ ಪಾಠಗಳಿಂದ. ಹಾಗಾಗಿ ಅಕ್ಕರೆಯಿಂದ ಬರೆಯಹೊರಟದ್ದೂ ಔಷಧದ ಚೀಟಿಯಂತೆ ಕೇಳೀತು. ಕೆಲಸದಿಂದ ನಿವೃತ್ತಳಾಗುವ ವರ್ಷ ಪ್ರತಿಯೊಬ್ಬ ಸಿಸ್ಟರೂ ಹಿಂದಿನ ಕಾಲದ ಸಿಸ್ಟರ್‌ಗೊಂದು ಕಾಗದ ಬರೆಯುವ ರೂಢಿ ಇಲ್ಲಿದೆ. ಅದು ನಿಮ್ಮನ್ನು ಮುಟ್ಟುತ್ತದೆಯೋ ಇಲ್ಲವೋ ಯಾರೂ ಹೇಳಲಾರರು. ಹೆಚ್ಚಿನವರು ನಿಮ್ಮನ್ನು ಬೈದು ಬರೆಯುತ್ತಾರೆ. ಏರಿದ ಸಮುದ್ರಕ್ಕೆ, ಬತ್ತಿದ ಹೊಳೆಗೆ ಲೆಕ್ಕ ಕೇಳುತ್ತಾರೆ. ನನಗೆ ಬೈಯುವಷ್ಟು ತ್ರಾಣ ಉಳಿದಿಲ್ಲ. ನನ್ನ ಹಿರಿಯಳೊಬ್ಬಳ ಕಥೆ ಹೇಳಿ ಮುಗಿಸುತ್ತೇನೆ.

ತಂಪುಮನೆ ಎಂದರೆ ನೆಲದೊಳಗೆ ಅರ್ಧ ಹೂತ ಆಸ್ಪತ್ರೆ. ಬಿಸಿಲು ಬಡಿದವರನ್ನು ಇಲ್ಲಿಗೆ ತರುತ್ತಾರೆ. ಕಲ್ಲುಗಣಿಯವರು, ಕಾಲುವೆ ಕೆಲಸದವರು, ಬಾಣಂತಿಯರು, ಮುದುಕರು. ಒಳಗೆ ಸದಾ ಒದ್ದೆ ಬಟ್ಟೆಯ ವಾಸನೆ. ನೆತ್ತಿಯ ಮೇಲೆ ಬಿಸಿಲಿರುವಷ್ಟು ಹೊತ್ತು ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿರುತ್ತದೆ, ನಮ್ಮ ಕೆಲಸ ಮಾತ್ರ ಆಗಲೇ ಹೆಚ್ಚು. ಪ್ರತಿ ಹಾಸಿಗೆಯ ತಲೆದೆಸೆಯಲ್ಲಿ ಕಾವಲುಗೋಡೆ ಇದೆ. ರೋಗಿಯ ನಾಡಿ, ಉಸಿರು, ಮೈಬಿಸಿ ಮೂರನ್ನೂ ಅದು ತಾನೇ ನೋಡಿಕೊಂಡು ಬೆಳಕಿನಲ್ಲಿ ತೋರಿಸುತ್ತದೆ. ಹಸಿರಾದರೆ ನೆಮ್ಮದಿ, ಕೆಂಪಾದರೆ ಓಟ. ಸೂಜಿ ಚುಚ್ಚುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೆದರಿದವರ ಪಕ್ಕ ಕೂರುವುದು ಇವೆಲ್ಲ ನಿಮ್ಮ ಕಾಲದಂತೆ ಕೈಯಿಂದಲೇ ಆಗಬೇಕು.

ಹೊಸದಾಗಿ ಬಂದ ಸಿಸ್ಟರ್‌ಗೆ ಮೊದಲ ಕೆಲವು ತಿಂಗಳು ಜೊತೆಗಿದ್ದು ಕೆಲಸ ಕಲಿಸುವ ಹಿರಿಯಳನ್ನು ನಾವು ಬೆನ್ನಾಸರೆ ಎನ್ನುತ್ತೇವೆ. ನಿಮ್ಮಲ್ಲಿ ಬೇರೆ ಹೆಸರಿರಬಹುದು. ನನ್ನ ಬೆನ್ನಾಸರೆ ಮಹಾನಂದಾ ಗೊಳಸಂಗಿ.

ನಾನು ಸುಗಂಧಿ ಹರಿಕಂತ್ರ. ಅಂಕೋಲೆಯ ಕಡೆ ನಮ್ಮ ಕೇರಿ ಸಮುದ್ರದ ಪಾಲಾದ ಮೇಲೆ ಗುಡ್ಡದ ಮೇಲೆ ಹಾಕಿದ ಬಿಡಾರದಲ್ಲಿ ಹುಟ್ಟಿದವಳು. ನರ್ಸಿಂಗ್ ಮುಗಿಸಿ ಈ ಬಯಲುಸೀಮೆಗೆ ಬಂದಾಗ ನನ್ನ ಮಾತು ಕೇಳಿ ವಾರ್ಡಿನವರೆಲ್ಲ ನಗುತ್ತಿದ್ದರು. ಮಹಾನಂದಾ ಅಕ್ಕ ನಗಲಿಲ್ಲ. ನಗುವಷ್ಟು ಬಿಡುವು ಅವಳಿಗಿರಲಿಲ್ಲ. ಬತ್ತಿ ಕೊರಡಾದ ಮೈಯಲ್ಲೂ ಬೆರಳ ತುದಿಯಿಂದ ನರ ಹುಡುಕಬಲ್ಲವಳು ಅವಳು. ಅಷ್ಟು ಚೆನ್ನಾಗಿ ಕೆಲಸ ಬರುತ್ತದೆಂದೇ ಅವಳನ್ನು ಬೆನ್ನಾಸರೆ ಮಾಡಿದ್ದರು. ಕಲಿಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಎಂಟು ಹಾಸಿಗೆ ಅವಳ ಪಾಲಿಗಿದ್ದವು, ಒಂಬತ್ತನೆಯವಳು ನಾನು. ಮುಂದೆ ಮುಂದೆ ನಡೆಯುತ್ತ, ಕೆಲಸ ಮಾಡುತ್ತ, "ನೋಡ್ಕೊ" ಎನ್ನುತ್ತಿದ್ದಳು. ಅವಳ ಕೈ ನನ್ನ ಕಣ್ಣಿಗಿಂತ ಚುರುಕು. ನಾನು ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಸೂಜಿ ಹಿಡಿದೆ. ನರ ಜಾರಿತು. ಅವಳು ಬದಿಯಿಂದ ಕೈ ಚಾಚಿ ಸೂಜಿ ತೆಗೆದುಕೊಂಡಳು.

"ಕೊಡಿಲ್ಲೆ. ನಿನ್ನ ಕೈ ಪಳಗೂದ್ರಾಗ ಮಂದಿ ಸಾಯ್ತಾರ."

ಸಿಟ್ಟಿನಿಂದ ಹೇಳಿದ್ದಲ್ಲ. ಬಾಗಿಲು ಹಾಕು ಎನ್ನುವಷ್ಟೇ ಸಹಜವಾಗಿ ಹೇಳಿದಳು. ಆದರೆ ರೋಗಿ ಕೇಳಿಸಿಕೊಂಡ, ಆ ಕಡೆಯ ಹಾಸಿಗೆಯವನೂ ಕೇಳಿಸಿಕೊಂಡ. ಅಂದಿನಿಂದ ಅವರಿಬ್ಬರೂ ನಾನು ಹತ್ತಿರ ಹೋದರೆ ಕೈ ಹಿಂದಕ್ಕೆಳೆದುಕೊಳ್ಳತೊಡಗಿದರು. ನಾನು ಹೊದಿಕೆ ಮಡಚುವುದು, ನೀರು ತುಂಬುವುದು, ಒರೆಸಿದ್ದನ್ನೇ ಒರೆಸುವುದು ಹೀಗೆ ದಿನ ತಳ್ಳಿದೆ. ಹುಡುಗಿ ಭಾರಿ ಕೆಲಸಗಾತಿ ಎಂದು ನೋಡಿದವರು ಹೊಗಳಿದರು.

ಆ ಮರುಬೇಸಿಗೆಯಲ್ಲಿ ಕಸ್ತೂರೆವ್ವ ಎಂಬ ಕಾಲುವೆ ಕೆಲಸದ ಹೆಂಗಸನ್ನು ಹೊತ್ತು ತಂದರು. ಬಿಸಿಲಿಗೆ ಹೆದರಿ ಬೆಳಗಿನಿಂದ ಕೊಡಗಟ್ಟಲೆ ನೀರು ಕುಡಿದಿದ್ದಳಂತೆ. ಒದ್ದೆ ಬಟ್ಟೆ ಹೊದಿಸಿ, ನರಕ್ಕೆ ಸಲೈನ್ ಹಚ್ಚಿದೆವು. ಮೈಬಿಸಿ ಇಳಿಯಿತು, ಗೋಡೆ ಹಸಿರಾಯಿತು. ನಾನು ಅವಳ ಮೈ ಒರೆಸುತ್ತಿದ್ದೆ. ಬಂದಾಗ ಮುಂಗೈ ಮೇಲೆ ಗಲಗಲ ಎನ್ನುತ್ತಿದ್ದ ಹಸಿರು ಬಳೆಗಳು ಈಗ ಅಲುಗಾಡದೆ ಮಾಂಸಕ್ಕೆ ಕಚ್ಚಿಕೊಂಡಿದ್ದವು. ತಲೆ ಸಿಡಿಯುತ್ತದೆ ಎಂದು ಗೊಣಗುತ್ತಿದ್ದಳು. ಮಹಾನಂದಾ ಅಕ್ಕ ಎದುರಿನ ಹಾಸಿಗೆಯ ಮುದುಕನ ಬಳಿ ಇದ್ದಳು.

"ಅಕ್ಕಾ, ಇವ್ರ ಬಳೆ ಬಿಗಿ ಆಯ್ತು. ಬಂದಾಗ ಸಡ್ಲ ಇತ್ತು," ಎಂದೆ.

"ಬಿಸಲಾಗ ಕೈ ಬಾತಿರ್ತಾವು. ಗ್ವಾಡಿ ಹಸರ ಐತಿಲ್ಲೊ? ಮುಂದಿಂದು ನೋಡು."

"ತಲೆನೋವೂ ಅಂತಾರೆ..."

"ಸುಗಂಧಿ, ಆಮ್ಯಾಲ."

ಅವಳು ಹೇಳಿದ್ದು ಪೂರಾ ಸುಳ್ಳಲ್ಲ. ಬಿಸಿಲಿಗೆ ಕೈ ಬಾತುಕೊಳ್ಳುವುದು ನಿಜ. ಅವಳ ಕೈಯಲ್ಲಿ ಆಗ ಆ ಮುದುಕನ ಪ್ರಾಣವಿತ್ತು ಎಂಬುದೂ ನಿಜ. ನಾನು ಮುಂದಿನ ಹಾಸಿಗೆಗೆ ಹೋದೆ. ಸ್ವಲ್ಪ ಹೊತ್ತಿಗೆ ಕಸ್ತೂರೆವ್ವನಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿ, ಕಣ್ಣು ಮೇಲಾಗಿ, ಮಂಚವೇ ಅಲುಗಿತು. ಆಗ ಗೋಡೆ ಕೆಂಪಾಯಿತು. ಬರೀ ನೀರು ಕುಡಿದು ಕುಡಿದು ಅವಳ ರಕ್ತದ ಉಪ್ಪು ತೆಳ್ಳಗಾಗಿತ್ತು, ನಾವು ಮೇಲಿಂದ ಇನ್ನಷ್ಟು ನೀರು ಹಾಯಿಸುತ್ತಿದ್ದೆವು. ಬಳೆ ಬಿಗಿಯಾದದ್ದು, ತಲೆ ಸಿಡಿದದ್ದು ಅದಕ್ಕೇ. ರಕ್ತ ತೆಗೆದು ನೋಡದ ಹೊರತು ಉಪ್ಪಿನ ಅಳತೆ ಗೋಡೆಗೆ ತಿಳಿಯುವುದಿಲ್ಲ. ಡಾಕ್ಟರು ಓಡಿ ಬಂದು ಗಟ್ಟಿ ಉಪ್ಪಿನ ಸಲೈನ್ ಕೊಡಿಸಿದರು. ಕಸ್ತೂರೆವ್ವ ಉಳಿದಳು. ಆದರೆ ಬಹಳ ದಿನ ಅವಳಿಗೆ ತನ್ನ ಮಕ್ಕಳ ಹೆಸರು ಒಂದೇ ಸಲಕ್ಕೆ ನೆನಪಾಗುತ್ತಿರಲಿಲ್ಲ. ಹೆಸರಿಗಾಗಿ ಅವಳು ತಡಕಾಡುವಾಗ ಮಹಾನಂದಾ ಅಕ್ಕ ಅಲ್ಲಿ ನಿಲ್ಲಲಾರದೆ ಹೊರಗೆ ಹೋಗುತ್ತಿದ್ದಳು.

ಫಿಟ್ಸ್ ಬಂದ ಮರುದಿನವೇ ನಾನು ಚೀಲ ಕಟ್ಟಿದೆ. ಹಾಸ್ಟೆಲಿನ ಕೋಣೆಗೆ ಅಕ್ಕ ಬಂದು ಬಾಗಿಲ ಬಳಿ ನೆಲದ ಮೇಲೆ ಕೂತಳು.

"ಹೊಂಟಿಯೇನು?"

"ಹೌದ್ರಾ. ಇಲ್ಲಿದ್ರೆ ನಂಗೆ ಕೆಲಸ ಬರೂದಿಲ್ಲ. ನೀವು ಮಾಡೂದು ಚಂದ ಕಾಣ್ತದೆ. ನನ್ನ ಕೈಗೆ ಎಂತದೂ ಬರೂದಿಲ್ಲ."

"ನೀ ಹೇಳಿದ್ದಿ. ನಾ ಕೇಳ್ಲಿಲ್ಲ." ಅವಳು ತನ್ನ ಅಂಗೈ ನೋಡಿಕೊಂಡಳು. "ನನಗ ಕೆಲಸ ಬರ್ತೈತಿ, ಕಲಸಾಕ ಬರೂದಿಲ್ಲ. ಎರಡೂ ಒಂದ ಅಂತ ತಿಳ್ಕೊಂಡಿದ್ದೆ. ನಿನಕಿಂತ ಮೊದಲ ಬಂದಾಕಿನೂ ಹಿಂಗ ಚೀಲಾ ಕಟ್ಟಿದ್ಲು. ಆಕಿಗೆ ತ್ರಾಣ ಸಾಲ್ಲಿಲ್ಲ ಅಂದ್ಕೊಂಡೆ."

ನಾನು ಚೀಲದ ಹುರಿ ಬಿಗಿಯುತ್ತಲೇ ಇದ್ದೆ.

"ನಾ ಏನ ಮಾಡಬೇಕು, ಹೇಳು."

ಹಿರಿಯಳೊಬ್ಬಳು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೇಳಬಾರದೆಂದುಕೊಂಡೇ ಹೇಳಿದೆ. "ನನ್ನ ಕೈಯಿಂದ ಕಸೀಬೇಡಿ. ತಪ್ಪಾದ್ರೆ ರೋಗಿ ಎದ್ರಿಗೆ ಹೇಳ್ಬೇಡಿ. ಮತ್ತೆ ನಾನು ಎಂತಾರೂ ಹೇಳಿದ್ರೆ ಒಂದ್ಸಲ ತಿರುಗಿ ನೋಡಿ."

"ಇಷ್ಟ ಏನು?"

"ಇಷ್ಟೇ."

"ಇದು ಭಾಳ ಐತಿ," ಎಂದಳು. ತಮಾಷೆಗಲ್ಲ.

ನಾನು ಚೀಲ ಬಿಚ್ಚಿದೆ. ಮಾರನೆಯ ದಿನದಿಂದ ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಹಿಂದೆ ನಿಲ್ಲತೊಡಗಿದಳು. ಮೊದಮೊದಲು ಅವಳಿಗೆ ಬಹಳ ಕಷ್ಟವಾಯಿತು. ನಾನು ತಡವರಿಸಿದರೆ ಸೆರಗಿನೊಳಗೆ ಅವಳ ಬೆರಳು ತಾವಾಗಿಯೇ ಆಡುವುದು ಕಾಣುತ್ತಿತ್ತು. ಎರಡು ಮೂರು ಸಲ ಮತ್ತೆ ಕಸಿದುಕೊಂಡಳು. ಕಸಿದುಕೊಂಡು, ನಾಚಿ, ಹಿಂದಿರುಗಿಸಿದಳು. ರೋಗಿಯ ಬಳಿ ಹೋದ ಕೂಡಲೇ ನನ್ನನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, "ಏನ ಕಂಡೀ?" ಎಂದು ಕೇಳುತ್ತಿದ್ದಳು. ತುಟಿಯ ಬಣ್ಣ, ಉಗುರು, ಮಾತಿನ ತೊದಲು, ಕಂಡದ್ದನ್ನೆಲ್ಲ ಹೇಳಿದ ಮೇಲೆ ಗೋಡೆ ನೋಡಲು ಬಿಡುತ್ತಿದ್ದಳು. ತಪ್ಪು ಹೇಳಿದರೂ ಕೊನೆಯವರೆಗೆ ಕೇಳುತ್ತಿದ್ದಳು. ಹೀಗೆ ಒಂದೊಂದು ಹಾಸಿಗೆಗೂ ಹೊತ್ತು ಹಿಡಿಯಿತು, ಉಳಿದ ಹಾಸಿಗೆಗಳು ಕಾದವು, ಕಾದವರ ಮನೆಯವರು ಕೂಗಾಡಿದರು.

ಅವಳು ಮೇಟ್ರನ್ ಬಳಿ ಹೋಗಿ ಹಾಸಿಗೆ ಕಡಿಮೆ ಮಾಡಿಕೊಡಲು ಕೇಳಿದಳು. ಮೇಟ್ರನ್ ಅಕ್ಕಮಹಾದೇವಿ ಪಡಶೆಟ್ಟಿ ಕೆಟ್ಟವರಲ್ಲ, ದಿನವೂ ಜನ ಸಾಲದೆ ಬಳಲಿದವರು.

"ನಿನ್ನ ಕೈಯಾಗ ಹುಡುಗಿ ಕೊಟ್ಟೀನಿ. ಎರಡ ಕೈ ಹೆಚ್ಚಾಗ್ಯಾವು. ಹಾಸಿಗಿ ಹೆಚ್ಚ ತಗೊ ಅನ್ನಬೇಕಿತ್ತು ನಾ," ಎಂದರು.

"ಹಂಗಾರ ಒಂದ ದಿನ ನೀವ ಬರ್ರಿ. ಎಂಟ ಹಾಸಿಗಿ ನೋಡಕೋತ ಈಕಿಗೆ ಒಂದ ಗಾಯಾ ಕಟ್ಟೂದು ಕಲಸರಿ."

ಮೇಟ್ರನ್ ಬಂದರು. ಬರದಿದ್ದರೆ ಏನಾಗುತ್ತಿತ್ತೋ ಕಾಣೆ. ಸುಟ್ಟ ಪಾದವೊಂದರ ಬಳಿ ನನ್ನನ್ನು ಕೂರಿಸಿಕೊಂಡು ಹೇಳಲಾರಂಭಿಸಿದರು. ಮೂರನೆಯ ಹಾಸಿಗೆಯವಳು ವಾಂತಿ ಮಾಡಿಕೊಂಡಳು, ಎದ್ದು ಹೋದರು. ಬಂದು ಕೂತರು, ಆರನೆಯ ಗೋಡೆ ಕೆಂಪಾಯಿತು. ಮತ್ತೆ ಬರುವಷ್ಟರಲ್ಲಿ ಎಲ್ಲಿ ನಿಲ್ಲಿಸಿದ್ದೆ ಎಂದು ನನ್ನನ್ನೇ ಕೇಳಿದರು. ಕೊನೆಗೆ ಬೇಸತ್ತು ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ತಾವೇ ಗಾಯ ಕಟ್ಟಿದರು. ಕಟ್ಟಿ ಮುಗಿದ ಮೇಲೆ ತಲೆಯೆತ್ತಿ ಮಹಾನಂದಾ ಅಕ್ಕನನ್ನು ನೋಡಿದರು. ಆ ವಾರದಿಂದ, ಹೊಸಬರಿರುವಷ್ಟು ದಿನ ಬೆನ್ನಾಸರೆಗೆ ಎರಡು ಹಾಸಿಗೆ ಕಡಿಮೆ ಎಂದಾಯಿತು.

ಒಂದು ದಿನ ದಸ್ತಗೀರಸಾಬ ಎಂಬ ಹಳೆಯ ಪೈಲವಾನರು ಬಂದರು. ತೋಳು ಕಂಬದಷ್ಟು ದಪ್ಪ, ನರ ಎಲ್ಲೋ ಪಾತಾಳದಲ್ಲಿ.

"ಹೊಸಾ ಹುಡುಗಿಯೇನು? ಚುಚ್ಚವ್ವ. ಅಖಾಡದಾಗ ಇದಕಿಂತ ಹೆಚ್ಚ ತಿಂದೀನಿ," ಎಂದರು.

ಮೊದಲ ಸಲ ತಪ್ಪಿತು. ಬದಿಯಿಂದ ಕೈ ಬರುತ್ತದೆಂದು ಕಾದೆ. ಬರಲಿಲ್ಲ. ಬೆನ್ನ ಹಿಂದಿನಿಂದ ಮೆಲ್ಲಗೆ, "ಉಸರ ಬಿಡು. ಕಣ್ಣಿಲೆ ಹುಡಕಬ್ಯಾಡ, ಬೆರಳಿಲೆ ಹುಡುಕು," ಎಂಬ ಮಾತು ಮಾತ್ರ ಬಂತು. ಬೆರಳ ಕೆಳಗೆ ಏನೋ ಹುರಿಯಂತೆ ಪುಟಿಯಿತು. ಚುಚ್ಚಿದೆ. ಕೊಳವೆಯಲ್ಲಿ ರಕ್ತ ಕಂಡಿತು. ಪೈಲವಾನರು ಕಣ್ಣು ಮುಚ್ಚಿಕೊಂಡೇ "ಭೇಷ್" ಎಂದರು. ಮಹಾನಂದಾ ಅಕ್ಕ ಹೊಗಳಲಿಲ್ಲ. ಹೊರಗೆ ಕೈ ತೊಳೆಯುವಲ್ಲಿ, "ಮೊದಲನೇದು ಯಾಕ ತಪ್ಪಿತು?" ಎಂದು ಕೇಳಿದಳು. ನಾನು ಯೋಚಿಸಿ ಹೇಳುವವರೆಗೂ ನಲ್ಲಿ ನಿಲ್ಲಿಸಿ ಕಾದಳು. ಅವಳು ಕಲಿತಳೆಂದು ನನಗೆ ತಿಳಿದದ್ದು ಆಗ.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನನ್ನ ನಂತರ ಅವಳ ಕೈಕೆಳಗೆ ಬಂದವರಾರೂ ಅರ್ಧಕ್ಕೆ ಬಿಡಲಿಲ್ಲ. ಬಿಡದೆ ತಯಾರಾದವರನ್ನೆಲ್ಲ ಬೇರೆ ಬೇರೆ ತಂಪುಮನೆಗಳು ಎಳೆದುಕೊಂಡವು. ಒಬ್ಬಳು ರಾಯಚೂರಿಗೆ, ಒಬ್ಬಳು ಬೀದರಿಗೆ. ಪ್ರತಿ ಸಲವೂ ಅವಳು ಮೊದಲಿನಿಂದ ಶುರು ಮಾಡಬೇಕಾಯಿತು. "ಬಾವ್ಯಾಗಿನ ನೀರ ಸೇದಿದಂಗ ಆತು ನೋಡು, ಊರ ಮಂದಿ ಕುಡದ್ರು, ನನ್ನ ಕೊಡಾ ಖಾಲಿ," ಎಂದು ಒಮ್ಮೆ ನಕ್ಕಳು. ಕೊನೆಯ ವರ್ಷಗಳಲ್ಲಿ ಮಾತು ಕಡಿಮೆಯಾಯಿತು. ಹೊಸಬಳಿಗೆ ಕೆಲಸ ಬಂತೆಂದರೆ ಅವಳ ಮುಖದಲ್ಲಿ ಸಂತೋಷ, ದಣಿವು ಎರಡೂ ಒಟ್ಟಿಗೇ ಕಾಣುತ್ತಿದ್ದವು. ತೀರಿಕೊಂಡಾಗ ದೂರದೂರದ ವಾರ್ಡುಗಳಿಂದ ಹೆಂಗಸರು ಬಂದರು. ಒಬ್ಬರ ಪರಿಚಯ ಒಬ್ಬರಿಗಿರಲಿಲ್ಲ, ಆದರೆ ಮಣ್ಣು ಕೊಡುವಾಗ ಎಲ್ಲರೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಿಂತಿದ್ದರು.

ಅನಂತರ ಬೆನ್ನಾಸರೆಯ ಕೆಲಸ ನನ್ನ ಪಾಲಿಗೆ ಬಂತು. ಸಿಸ್ಟರ್, ನಿಮಗೆ ಸುಳ್ಳು ಹೇಳಲಾರೆ. ಕೆಲವು ಬೆಳಿಗ್ಗೆ ಹೊಸ ಮುಖ ನೋಡಿದರೆ ನನಗೆ ಬರುವುದು ಪ್ರೀತಿಯಲ್ಲ, ಆಯಾಸ. ಮತ್ತೆ ಅದೇ ಹೆದರಿದ ಕಣ್ಣು, ಅದೇ ಜಾರುವ ಸೂಜಿ. ನಾನೇ ಮಾಡಿ ಮುಗಿಸಿದರೆ ಚಹಾ ಕುಡಿಯಲಾದರೂ ಹೊತ್ತು ಸಿಕ್ಕೀತೆಂಬ ಆಸೆ. ಈ ಆಯಾಸ ಬರುತ್ತದೆ. ಬಂದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳಬೇಡಿ, ಮೇಲಿನವರ ಬಳಿ ಹೋಗಿ ಹೇಳಿ. ಕಲಿಸುವುದೂ ಕೆಲಸವೇ, ಅದಕ್ಕೂ ಹೊತ್ತು ಬೇಕು ಎಂದು ನಿಮ್ಮ ಕಾಲದವರು ಜೋರಾಗಿ ಹೇಳಿದ್ದರೆ ನಮಗೆ ಇಷ್ಟೊಂದು ಖಾಲಿ ವಾರ್ಡುಗಳು ಬರುತ್ತಿರಲಿಲ್ಲವೇನೋ. ಕಟ್ಟಡಗಳಿವೆ, ಗೋಡೆಗಳಿವೆ, ಔಷಧವೂ ಇದೆ. ಮೊದಲ ವರ್ಷದಲ್ಲೇ ಕೆಲಸ ಬಿಟ್ಟು ಮನೆಗೆ ಹೋದವರ ಜಾಗ ಮಾತ್ರ ತುಂಬಲೇ ಇಲ್ಲ.

ಇನ್ನು ಬರೆಯಲಾರೆ. ಮೇಲಿನ ಬಾಗಿಲು ತೆರೆದ ಸದ್ದಾಯಿತು. ಕಲಬುರಗಿಯಿಂದ ಒಬ್ಬಳು ನಾಳೆ ಬರುತ್ತಾಳೆ ಎಂದಿದ್ದರು, ಇವತ್ತೇ ಬಂದಿದ್ದಾಳೆ. ಈ ಬಿಸಿಲಲ್ಲಿ ನಡೆದೇ ಬಂದಿರಬೇಕು. ಮೆಟ್ಟಿಲ ಮೇಲೆ ನಿಂತು, ಒಳಗೆ ಬರಬೇಕೋ ಬೇಡವೋ ತಿಳಿಯದೆ ಚಪ್ಪಲಿ ಬಿಡುತ್ತ ಮೆಟ್ಟುತ್ತ ಇದ್ದಾಳೆ. ನನ್ನ ಮೊಣಕಾಲು ಈಗ ಏಳಲು ಒಪ್ಪುತ್ತಿಲ್ಲ. ಆದರೂ ಏಳುತ್ತೇನೆ, ಅವಳಿಗೆ ನೀರು ಕೊಡಬೇಕು, ಹೆಸರು ಕೇಳಬೇಕು.

ಸುಗಂಧಿ ಹರಿಕಂತ್ರ