ಡೀಲಿಯಾಗೆ ಹಾಕಿದ ಲಸಿಕೆ

ಐಡಾಹೊ,
೧೫ ಮೇ ೧೯೫೫

ಪ್ರೀತಿಯ ಅಕ್ಕ ಆಲ್ಮಾ,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈಯೇ ಬರುತ್ತಿಲ್ಲ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತವಳನ್ನು ಚೆನ್ನಾಗಿ ಬೈದುಬಿಡು. ಬೈಸಿಕೊಳ್ಳುವ ಯೋಗ್ಯತೆಯೊಂದು ನನಗೆ ಧಾರಾಳವಾಗಿದೆ. ಡೀಲಿಯಾ ಈಗ ಉಸಿರಾಟದ ಯಂತ್ರದಿಂದ ದಿನಕ್ಕೆ ಹತ್ತು ನಿಮಿಷ ಹೊರಗಿರುತ್ತಾಳೆ ಎಂದು ನೀನು ಬರೆದದ್ದನ್ನು ಅಡುಗೆಮನೆಯಲ್ಲೇ ನಿಂತು ಮತ್ತೆ ಮತ್ತೆ ಓದಿ ಅತ್ತೆ. ಸಂತೋಷಕ್ಕೋ ಸಂಕಟಕ್ಕೋ ತಿಳಿಯಲಿಲ್ಲ.

ನೀನು ಅವಳ ಜೊತೆ ಆಸ್ಪತ್ರೆ ಸೇರಿದಾಗಿನಿಂದ ನಿನ್ನ ಕೋಳಿಗಳಿಗೆ ನಾನೇ ಕಾಳು ಹಾಕುತ್ತಿದ್ದೇನೆ. ಭಾವ ಆಲೂಗಡ್ಡೆ ಬಿತ್ತನೆ ಮುಗಿಸಿದರು, ನನ್ನ ಜೊತೆ ಮಾತು ಮಾತ್ರ ಇಲ್ಲ. ಶಾಲೆಯ ನರ್ಸಮ್ಮ ಎಂದು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದವರು ಈಗ ರಸ್ತೆ ದಾಟಿ ಆಚೆ ಹೋಗುತ್ತಾರೆ. ಅಂಚೆ ಕಚೇರಿಯಲ್ಲಿ ಮಿಸೆಸ್ ಟಟಲ್ ಮುಖಕ್ಕೇ ಕೇಳಿದಳು: "ನೀನೇ ತಾನೇ ಮನೆಮನೆಗೆ ಬಂದು ಪೋಲಿಯೊ ಲಸಿಕೆಯ ಒಪ್ಪಿಗೆ ಚೀಟಿಗೆ ಸಹಿ ಹಾಕಿಸ್ಕೊಂಡೋಳು? ಈಗ ಹೇಳು, ನನ್ನ ಮಗೂಗೆ ಏನಾಗುತ್ತೆ?"

ನನಗೇನು ಗೊತ್ತು! ಡಾಕ್ಟರನ್ನು ಕೇಳಿದೆ. "ಲಸಿಕೆಯೊಳಗಿನ ವೈರಸ್ ಸತ್ತಿದೆ ಅಂತ ಕಂಪನಿಯೋರು ಬರೆದು ಕಳಿಸಿದ್ರು. ಕೆಲವು ಸೀಸೇಲಿ ಬದುಕೇ ಇತ್ತಂತೆ. ನಾನೇನ್ ಮಾಡ್ಲಮ್ಮ, ನನ್ನ ಮೊಮ್ಮಕ್ಕಳೂ ಹಾಕಿಸ್ಕೊಂಡಿದಾರೆ," ಎಂದು ಕನ್ನಡಕ ತೆಗೆದು ಸುಮ್ಮನೆ ಒರೆಸಿದರು. ಇನ್ನೂ ಕಾಯಬೇಕಂತೆ. ಊರೆಲ್ಲ ಮಕ್ಕಳ ಕೈಕಾಲು ನೋಡಿಕೊಂಡು ಕೂತಿದೆ.

ಲಸಿಕೆ ಒಂದು, ಎರಡನೆಯ ತರಗತಿಯವರಿಗೆ ಮಾತ್ರ. ಮೂರನೆಯದರಲ್ಲಿದ್ದ ಡೀಲಿಯಾಗೆ ಬರುವಂತಿರಲಿಲ್ಲ. "ಒಂದು ಉಳಿದ್ರೂ ನನ್ನ ಮಗಳಿಗೆ ಹಾಕೇ, ನರ್ಸ್ ತಂಗಿ ಇದ್ದು ಏನ್ ಬಂತು?" ಎಂದು ಎರಡು ವಾರ ನೀನು ನನ್ನ ಜೀವ ತಿಂದೆ. ಹಾಕಿದೆ. ಮರುದಿನವೇ ನೀನು ಸೇಬಿನ ಪೈ ಮಾಡಿ ತಂದುಕೊಟ್ಟೆ. ನಾನು ಸೂಜಿ ಚುಚ್ಚಿದ ಎಡತೋಳೇ ಮೊದಲು ಬಿದ್ದುಹೋಯಿತು.

"ನೀನು ಒಳ್ಳೇದಕ್ಕೇ ಮಾಡ್ದೆ ಬಿಡೇ, ನಿನ್ನ ಮಗಳು ಕೋರಾಗೂ ಅದೇ ತಾನೇ ಹಾಕಿದ್ದು?" ಎಂದು ಬರೆದಿದ್ದೀಯಲ್ಲ, ಆ ಸಾಲಿಗೇ ಉತ್ತರ ಹೊಳೆಯದೆ ಇಷ್ಟು ದಿನ ಕಳೆದೆ.

ಡೀಲಿಯಾಳ ಹಣೆಗೆ ಚಿಕ್ಕಮ್ಮನ ಒಂದು ಮುತ್ತು. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ. ನಮ್ಮ ಕೈಯಲ್ಲಂತೂ ಏನೂ ಇಲ್ಲ.

ನಿನ್ನ ತಂಗಿ,
ವರ್ನಾ

ತಾ.ಕ.: ಕೋರಾಗೆ ಹಾಕಲಿಲ್ಲ, ಅಕ್ಕ. ಸೂಜಿ ಕಂಡವಳೇ ಮೇಜಿನ ಕೆಳಗೆ ತೂರಿಕೊಂಡು ಅತ್ತಳು. ಬೇರೆಯವರ ಮಕ್ಕಳನ್ನು ಹಾಗೆ ಅತ್ತರೂ ಹಿಡಿದು ಚುಚ್ಚಿದ್ದೇನೆ. ನನ್ನ ಮಗಳು ನೋಡು, ಮನಸ್ಸು ಬರಲಿಲ್ಲ. ಸಿರಿಂಜಿಗೆ ಎಳೆದದ್ದು ಹಾಳಾಗಬಾರದೆಂದು ಡೀಲಿಯಾಳನ್ನು ತರಗತಿಯಿಂದ ಕರೆಸಿದೆ. ಅದು ಉಳಿದದ್ದಲ್ಲ, ಕೋರಾಳ ಪಾಲಿನದು. ಸೀಸೆಗಳಲ್ಲೇ ದೋಷವಿತ್ತೆಂದು ರೇಡಿಯೋದಲ್ಲಿ ಹೇಳಿದ ದಿನ ಅವಳನ್ನು ಬಾಚಿ ತಬ್ಬಿಕೊಂಡೆ. ನನ್ನ ಬಾಯಿಂದ ಮೊದಲು ಬಂದ ಮಾತು, "ಸದ್ಯ!" ಡೀಲಿಯಾ ನೆನಪಾದದ್ದು ಆಮೇಲೆ.