ಮನೆಯಲ್ಲಿ ಯಾರಿಗಾದರೂ ಇತ್ತಾ?

ಬ್ಯಾಡರಹಳ್ಳಿ
9-2-2025

ಪ್ರೀತಿಯ ಗಂಗಕ್ಕನಿಗೆ ಲಕ್ಷ್ಮಿಯ ನಮಸ್ಕಾರ.

ನಮ್ಮ ಭೈರೇಶನ ಕಾರ್ಯ ಮುಗಿದು ತಿಂಗಳಾಯಿತು. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ತಮ್ಮ ಹೋದರೂ ಒಂದು ತೊಟ್ಟು ಕಣ್ಣೀರು ಬಂದಿಲ್ಲ, ಅದೇ ನನಗೆ ಭಯ. ಅವನ ಲೋಟವನ್ನು ದಿನಾ ತೊಳೆದು ಬೋರಲು ಹಾಕುತ್ತೇನೆ.

ಕಾರ್ಯಕ್ಕೆ ಬಂದಿದ್ದರಲ್ಲ ಚಂದ್ರಾ ಲೇಔಟಿನ ಜಗನ್ನಾಥ್, ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನವರು. ಅವರದ್ದೂ ಕರುಳಿನ ಕ್ಯಾನ್ಸರೇ, ಹಾಕಿದ್ದೂ ಅದೇ ಕೀಮೋ. ಈಗ ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿನ್ನುತ್ತಾರೆ. ಇವನಿಗೆ ಯಾಕೆ ವಾಸಿಯಾಗಲಿಲ್ಲ ಎಂದು ನೀನು ಕೇಳಿದೆ. ನಾನೂ ಡಾಕ್ಟರನ್ನು ಅದನ್ನೇ ಕೇಳಿದ್ದೆ.

"ಹೆಸರು ಒಂದೇ ಅಮ್ಮ, ಬಗೆ ಬೇರೆ ಬೇರೆ. ಅವರ ಗಡ್ಡೆ ಕೀಮೋಗೆ ಬಗ್ತು, ನಿಮ್ಮ ತಮ್ಮಂದು ಬಗ್ಗಲಿಲ್ಲ. ಈ ಬಗೆಗೆ ರೋಗದ ವಿರುದ್ಧ ಹೋರಾಡೋ ಮೈಯ ಶಕ್ತಿನೇ ಎಬ್ಬಿಸೋ ಬೇರೆ ಇಂಜೆಕ್ಷನ್ ಇದೆ, ಎಷ್ಟೋ ಜನಕ್ಕೆ ಚೆನ್ನಾಗಿ ಕೆಲಸ ಮಾಡಿದೆ. ಮೊದಲೇ ಗೊತ್ತಾಗಿದ್ರೆ ಅದರಿಂದಲೇ ಶುರು ಮಾಡ್ತಿದ್ವಿ" ಎಂದರು. ಆ ಇಂಜೆಕ್ಷನ್ ಎರಡು ಹಾಕಿದರು. ಅಷ್ಟರಲ್ಲಿ ಅವನ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಈಗ ಮುಖ್ಯ ವಿಷಯ. ಅವನಿಗಿದ್ದ ಬಗೆ ರಕ್ತದಲ್ಲಿ ಇಳಿದು ಬರುವಂಥದ್ದಂತೆ. ನಾನು ಪರೀಕ್ಷೆ ಮಾಡಿಸಿದೆ, ನನಗೂ ಆ ದೋಷ ಇದೆ. ಕಾಯಿಲೆ ಬಂದಿಲ್ಲ, ಬರಬಹುದು ಅಷ್ಟೆ. ಆಗಾಗ ಕೊಳವೆ ಹಾಕಿ ಕರುಳು ನೋಡಿಸಿಕೊಳ್ಳುತ್ತಿದ್ದರೆ ಶುರುವಿನಲ್ಲೇ ತೆಗೆಯಬಹುದಂತೆ. ನೀನೂ ಈ ವಾರವೇ ಮಾಡಿಸು. ನಿನಗೆ ಇದ್ದರೆ ನಿನ್ನ ಮಗಳು ರಮ್ಯಶ್ರೀಗೂ ಮಾಡಿಸಬೇಕು. ಅಳಿಯನ ಮನೆಯವರು ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಡಬೇಡ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳಿಗೂ ಅವಳ ಹೊಟ್ಟೆಯಲ್ಲಿರುವ ಕೂಸಿಗೂ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ.

ನಿನ್ನ ತಂಗಿ
ಲಕ್ಷ್ಮಿದೇವಿ

ತಾ.ಕ.: ತಡವಾದದ್ದು ಡಾಕ್ಟರಿಂದ ಅಲ್ಲ ಅಕ್ಕ. ಮೊದಲ ದಿನವೇ ಅವರು "ಮನೆಯಲ್ಲಿ ಯಾರಿಗಾದ್ರೂ ಇತ್ತಾ?" ಎಂದು ಕೇಳಿದ್ದರು. ಅಪ್ಪ ನಲವತ್ತೈದಕ್ಕೇ ಇದರಲ್ಲೇ ಹೋದದ್ದು ನಮ್ಮ ಮೂವರಿಗೂ ಗೊತ್ತು; ನೆಂಟರಿಗೆಲ್ಲ ಮೂಲವ್ಯಾಧಿ ಎಂದು ಹೇಳಿಕೊಂಡು ಬಂದವರು ನಾವು. ಅವತ್ತು ರಮ್ಯಶ್ರೀಗೆ ನೋಡಿದ್ದ ಗಂಡಿನ ಸೋದರಮಾವ ಮುತ್ತುರಾಜ ಅವರು ಎಳನೀರು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ನಿಶ್ಚಿತಾರ್ಥಕ್ಕೆ ಒಂಬತ್ತು ದಿನ ಇತ್ತು. "ಯಾರಿಗೂ ಇಲ್ಲ ಸಾರ್" ಎಂದೆ. ಆಮೇಲೆ ಒಬ್ಬಳೇ ಹೋಗಿ ಹೇಳಬಹುದಿತ್ತು. ಮದುವೆ ಮುಗಿಯಲಿ ಎಂದು ಸುಮ್ಮನಿದ್ದೆ. ಮುಗಿದ ವಾರವೇ ಹೇಳಿದೆ, ಆಗ ಯಾವ ಬಗೆ ಎಂದು ತಿಳಿಯುವ ಟೆಸ್ಟ್ ಮಾಡಿಸಿದರು. ಅಷ್ಟರಲ್ಲಿ ಎಂಟು ತಿಂಗಳು ಆಗಿತ್ತು.

ಮೊದಲ ದಿನ ಡಾಕ್ಟರು ಬರೆದುಕೊಳ್ಳುವ ಮುಂಚೆ ಭೈರೇಶನನ್ನೂ ಕೇಳಿದರು. ಅವನು ನನ್ನ ಮುಖ ನೋಡಿದ, ಮುತ್ತುರಾಜ ಅವರ ಕಡೆ ನೋಡಿದ. "ನಮ್ಮಪ್ಪಂಗೆ ಬರೀ ಮೂಲವ್ಯಾಧಿ ಸಾರ್" ಅಂದ.